ಎದೆಯ ಲಯ ಮತ್ತೆ ತಪ್ಪಿದಾಗ

ಕನ್ನಡದಲ್ಲಿ 'ಲಯ' ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಹಾಡುವವನಿಗೂ ಛಂದಸ್ಸನ್ನು ಓದುವವನಿಗೂ ಅದು ಕಾಲದ ಸಮವಾದ ನಡೆ. ಪುರಾಣ ಹೇಳುವವರಿಗೆ ಅದು ಸೃಷ್ಟಿಸ್ಥಿತಿಗಳ ತರುವಾಯದ ಮುಕ್ತಾಯ. ಒಂದೇ ಶಬ್ದವು ನಡೆಯನ್ನೂ ಹೇಳಿ ನಿಲುಗಡೆಯನ್ನೂ ಹೇಳುವುದು ವಿಚಿತ್ರವೆನಿಸಬಹುದು. ಆದರೆ ಎದೆಯ ಬಡಿತ ಒಮ್ಮೆ ತಾಳ ತಪ್ಪಿದವರಿಗೆ ಇದರಲ್ಲಿ ವಿಚಿತ್ರವೇನೂ ಕಾಣದು. ನಡುರಾತ್ರಿ ಎಚ್ಚರವಾಗಿ, ಎದೆಯೊಳಗೆ ಏನೋ ಪಟಪಟನೆ ಬಡಿದುಕೊಳ್ಳುತ್ತಿರುವಾಗ, ಮೊದಲನೆಯ ಅರ್ಥದಿಂದ ಎರಡನೆಯ ಅರ್ಥಕ್ಕೆ ಎಷ್ಟು ದೂರವೆಂಬ ಲೆಕ್ಕವೊಂದೇ ಮನಸ್ಸಿನಲ್ಲಿ ಸುಳಿಯುತ್ತದೆ.

ಈ ಬೇನೆಗೆ ಇಂದು ಔಷಧವುಂಟು, ಚಿಕಿತ್ಸೆಯೂ ಉಂಟು. ತೊಡೆಯ ಸಂದಿನ ರಕ್ತನಾಳದ ಮೂಲಕ ತಂತಿಯಂತಹ ಸಣ್ಣ ನಳಿಕೆಯನ್ನು ಹೃದಯದವರೆಗೆ ಏರಿಸಿ, ತಾಳ ಕೆಡಿಸುವ ಜಾಗವನ್ನು ಸುಟ್ಟೋ ಹೆಪ್ಪುಗಟ್ಟಿಸಿಯೋ ಅಡಗಿಸುವ 'ಅಬ್ಲೇಷನ್' ಎಂಬ ಕ್ರಮವು ನಮ್ಮ ನಾಡಿಗೆ ಬಂದು ಬಹುಕಾಲವಾಯಿತು. ಮೊದಲ ಸಲ ಈ ಚಿಕಿತ್ಸೆಗೆ ಒಪ್ಪುವುದು ಅಷ್ಟು ಕಷ್ಟವಲ್ಲ. ಬೇನೆ ತಾಳಲಾರದೆ, ಡಾಕ್ಟರರ ಮಾತಿನಲ್ಲಿ ಭರವಸೆಯಿಟ್ಟು, ಮನೆಯವರು ಒಮ್ಮನಸ್ಸಿನಿಂದ ಮುಂದಾಗುತ್ತಾರೆ. ಕಷ್ಟ ಬರುವುದು ಎರಡನೆಯ ಸಲ. ವರ್ಷವೋ ಎರಡು ವರ್ಷವೋ ನೆಮ್ಮದಿಯಾಗಿದ್ದ ಎದೆ ಮತ್ತೆ ಅಡ್ಡದಾರಿ ಹಿಡಿಯಿತೆಂದರೆ ಮನೆಯಲ್ಲಿ ಮೂವರಿಗೆ ಮೂರು ಅಭಿಪ್ರಾಯ. ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತಾಯಿತೆಂದು ಒಬ್ಬರು, ಅರ್ಧಕ್ಕೆ ಬಿಟ್ಟರೆ ಹೇಗೆಂದು ಇನ್ನೊಬ್ಬರು, ದೇವರಿಟ್ಟಂತಾಗಲೆಂದು ಮತ್ತೊಬ್ಬರು. ಈ ಮೂರು ಮಾತುಗಳಲ್ಲಿ ಯಾವುದೂ ತೀರ್ಮಾನಕ್ಕೆ ಆಧಾರವಾಗಲಾರದು. ಆಧಾರವಾಗಬಲ್ಲ ಸಂಗತಿಗಳು ಬೇರೆ ಇವೆ. ಅವನ್ನು ಒಂದೊಂದಾಗಿ ನೋಡುವುದು ಒಳ್ಳೆಯದು.

ಹೃದಯದಲ್ಲಿ ನಾಲ್ಕು ಕೋಣೆಗಳು: ಮೇಲಿನವೆರಡು ಹೃತ್ಕರ್ಣಗಳು, ಕೆಳಗಿನವೆರಡು ಹೃತ್ಕುಕ್ಷಿಗಳು. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿ ಒಂದು ಸಣ್ಣ ಗಂಟಿದೆ. ೧೯೦೭ರಲ್ಲಿ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ ಎಂಬ ಇಬ್ಬರು ವಿಜ್ಞಾನಿಗಳು ಅದನ್ನು ಗುರುತಿಸಿದರು. ಮೇಳದಲ್ಲಿ ತಾಳ ಹಾಕುವವನಂತೆ ಈ ಗಂಟು ಕ್ರಮವಾಗಿ ವಿದ್ಯುತ್ತಿನ ಸಣ್ಣ ಅಲೆಯನ್ನು ಹೊರಡಿಸುತ್ತದೆ. ಆ ಅಲೆ ಮೇಲಿನ ಕೋಣೆಗಳನ್ನು ಮೊದಲು ಕುಗ್ಗಿಸಿ, ನಡುವಿನ ಇನ್ನೊಂದು ಗಂಟಿನಲ್ಲಿ ಕ್ಷಣಕಾಲ ತಡೆದು, ತರುವಾಯ ಕೆಳಗಿನ ಕೋಣೆಗಳಿಗೆ ಇಳಿಯುತ್ತದೆ. ಈ ಎರಡನೆಯ ಗಂಟನ್ನು ೧೯೦೬ರಲ್ಲಿ ವಿವರಿಸಿದವನು ಜಪಾನಿನ ಸುನಾವೊ ತವಾರ. ನಿಮಿಷಕ್ಕೆ ೭೨ರಂತೆ ಎಣಿಸಿದರೂ ದಿನವೊಂದಕ್ಕೆ ಒಂದು ಲಕ್ಷಕ್ಕೂ ಮಿಕ್ಕಿ ಬಡಿತಗಳಾಗುತ್ತವೆ. ಇಷ್ಟು ಕೆಲಸ ನಡೆಯುತ್ತಿದೆಯೆಂಬ ಅರಿವೇ ನಮಗಿರುವುದಿಲ್ಲ.

ವಯಸ್ಸು, ರಕ್ತದೊತ್ತಡ, ಬೊಜ್ಜು, ಕವಾಟದ ರೋಗ, ಥೈರಾಯ್ಡಿನ ಏರುಪೇರು ಮುಂತಾದ ಕಾರಣಗಳಿಂದ ಮೇಲಿನ ಕೋಣೆಗಳಲ್ಲಿ ಈ ಒಂದು ಅಲೆಯ ಬದಲು ನೂರಾರು ಪುಡಿ ಅಲೆಗಳು ಏಳತೊಡಗಬಹುದು. ಆಗ ಹೃತ್ಕರ್ಣ ಕುಗ್ಗುವುದಿಲ್ಲ, ನಡುಗುತ್ತದೆ. ನಿಮಿಷಕ್ಕೆ ೩೫೦ಕ್ಕೂ ಮೀರಿ ನಡುಗುತ್ತದೆ. ಡಾಕ್ಟರರು ಇದನ್ನು ಏಟ್ರಿಯಲ್ ಫಿಬ್ರಿಲೇಷನ್ ಎನ್ನುತ್ತಾರೆ. ಹೃತ್ಕರ್ಣದ ಕಂಪನವೆಂದು ನಾವು ಕರೆಯಬಹುದು. ತವಾರನ ಗಂಟು ಬಾಗಿಲು ಕಾಯುವುದರಿಂದ ಈ ಗಲಭೆಯೆಲ್ಲ ಕೆಳಗಿಳಿಯುವುದಿಲ್ಲ. ಆದರೂ ನಾಡಿ ಕ್ರಮಗೆಟ್ಟು ೧೦೦, ೧೪೦ ಎಂದು ಓಡುತ್ತದೆ. ಏದುಸಿರು, ಸುಸ್ತು, ಕಣ್ಣುಕತ್ತಲೆ ಬರುತ್ತವೆ. ಕೆಲವರಿಗೆ ಯಾವ ಲಕ್ಷಣವೂ ಇರುವುದಿಲ್ಲ.

ನಿಜವಾದ ಅಪಾಯ ಬೇರೆಡೆ ಇದೆ. ಕುಗ್ಗದ ಕೋಣೆಯ ಮೂಲೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಕಳಚಿ ಮೆದುಳಿಗೆ ಹೋದರೆ ಲಕ್ವ. ಈ ಕಂಪನವುಳ್ಳವರಿಗೆ ಲಕ್ವ ಹೊಡೆಯುವ ಸಂಭವ ಇತರರಿಗಿಂತ ಸುಮಾರು ಐದು ಪಟ್ಟು ಹೆಚ್ಚೆಂದು ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ದೀರ್ಘಕಾಲದ ಅಧ್ಯಯನ ೧೯೯೧ರಲ್ಲಿ ತೋರಿಸಿತು. ಆದುದರಿಂದಲೇ ವಯಸ್ಸು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹಿಂದಿನ ಲಕ್ವ ಇವುಗಳಿಗೆ ಅಂಕಿಗಳನ್ನು ಕೊಟ್ಟು ಕೂಡಿ, ಮೊತ್ತ ಹೆಚ್ಚಿದವರಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಡಾಕ್ಟರರು ಬರೆದುಕೊಡುತ್ತಾರೆ. ತಾಳ ಸರಿಪಡಿಸುವುದು ಒಂದು ಕೆಲಸ, ಲಕ್ವ ತಡೆಯುವುದು ಇನ್ನೊಂದು ಕೆಲಸ. ಈ ಭೇದವನ್ನು ಓದುಗರು ಮನಸ್ಸಿನಲ್ಲಿಡಬೇಕು. ಮುಂದಿನ ವಿಚಾರವೆಲ್ಲ ಇದರ ಮೇಲೆ ನಿಂತಿದೆ.

ಇನ್ನು ಅಬ್ಲೇಷನ್ನಿನ ಮಾತು. ಇದನ್ನು ತಿಳಿಯಲು ಹೊಸಪೇಟೆಯಿಂದ ಹಂಪೆಗೆ ಹೋಗುವ ದಾರಿಯ ಮಲಪನಗುಡಿಯ ಆಸುಪಾಸಿಗಿಂತ ಒಳ್ಳೆಯ ಪಾಠಶಾಲೆ ಬೇಕಾಗಿಲ್ಲ. ವಿಜಯನಗರದ ಅರಸರ ಕಾಲದ ರಾಯಕಾಲುವೆ, ಬಸವಣ್ಣ ಕಾಲುವೆಗಳು ಈ ಸೀಮೆಯ ಗದ್ದೆಗಳಿಗೂ ಬಾಳೆ ಕಬ್ಬಿನ ತೋಟಗಳಿಗೂ ಇಂದಿಗೂ ನೀರುಣಿಸುತ್ತಿವೆ. ಎಲ್ಲಿ ನೀರು ಹರಿಯಬೇಕು, ಎಲ್ಲಿ ಹರಿಯಬಾರದು ಎಂಬುದು ಇಲ್ಲಿಯ ಒಕ್ಕಲಿಗೆ ಹುಟ್ಟಿನಿಂದ ಬಂದ ವಿದ್ಯೆ. ನೀರು ಬೇಡದ ಕಡೆ ನುಗ್ಗಿದರೆ ಅವನು ಮಾಡುವ ಕೆಲಸ ಒಂದೇ: ಸುತ್ತ ಬದು ಹಾಕುತ್ತಾನೆ.

ಹೃದಯದ ವೈದ್ಯರು ಮಾಡುವುದೂ ಇದನ್ನೇ. ೧೯೯೮ರಲ್ಲಿ ಫ್ರಾನ್ಸಿನ ಬೋರ್ಡೋ ನಗರದ ಮಿಶೆಲ್ ಹೈಸಾಗೇರ್ ಮತ್ತು ಅವರ ಸಂಗಡಿಗರು ೪೫ ರೋಗಿಗಳ ಹೃದಯವನ್ನು ಪರೀಕ್ಷಿಸಿ, ಕಂಪನವನ್ನು ಎಬ್ಬಿಸುವ ಪುಂಡ ಬಡಿತಗಳ ೬೯ ಮೂಲಗಳನ್ನು ಹುಡುಕಿದರು. ಅವುಗಳಲ್ಲಿ ೬೫ ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ ರಕ್ತ ತರುವ ನಾಳಗಳ ಒಳಗೇ ಇದ್ದವು. ಅಲ್ಲಿಯವರೆಗೆ ಇಡೀ ಕೋಣೆಯದೆಂದು ತಿಳಿದಿದ್ದ ಗಲಭೆಗೆ ಬಹುಮಟ್ಟಿಗೆ ಬಾಗಿಲ ಬಳಿಯ ನಾಲ್ಕಾರು ಪುಂಡರೇ ಕಾರಣರೆಂದು ತಿಳಿಯಿತು. ಆ ನಾಳಗಳ ಬಾಯಿಯ ಸುತ್ತ ಬಿಸಿಯಿಂದಲೋ ಅತಿಶೈತ್ಯದಿಂದಲೋ ಗಾಯದ ಒಂದು ಬಳೆಯನ್ನು ರಚಿಸಿದರೆ, ಗಾಯ ಮಾಗಿದ ಕಲೆಯ ಮೂಲಕ ವಿದ್ಯುತ್ತು ಹರಿಯದು. ಬದು ಹಾಕಿದಂತಾಯಿತು.

ಹಾಗಾದರೆ ಬೇನೆ ಮರಳುವುದೇಕೆ? ಇದಕ್ಕೂ ಒಕ್ಕಲಿಗನೇ ಉತ್ತರ ಹೇಳಿಯಾನು. ಹಸಿ ಮಣ್ಣಿನ ಬದು ಹಾಕಿದ ದಿನ ಗಟ್ಟಿಯಾಗಿಯೇ ಕಾಣುತ್ತದೆ. ಒಣಗಿದ ಮೇಲೆ ಬಿರುಕು ತೋರುತ್ತದೆ. ಏಡಿ ಕೊರೆದ ತೂತಿನಷ್ಟು ಸಂದು ಉಳಿದರೂ ನೀರು ದಾರಿ ಮಾಡಿಕೊಳ್ಳುತ್ತದೆ. ಹೃದಯದಲ್ಲಿಯೂ ಚಿಕಿತ್ಸೆಯ ದಿನ ಊದಿಕೊಂಡು ಮರಗಟ್ಟಿದ ಕೆಲವು ಕಣಗಳು ಸತ್ತಂತೆ ತೋರಿ, ವಾರಗಳ ಮೇಲೆ ಚೇತರಿಸಿಕೊಂಡು ಮತ್ತೆ ವಿದ್ಯುತ್ತನ್ನು ಹಾಯಿಸತೊಡಗುತ್ತವೆ. ಎರಡನೆಯ ಸಲ ಚಿಕಿತ್ಸೆಗೆ ಬಂದವರಲ್ಲಿ ವೈದ್ಯರಿಗೆ ಬಹಳವಾಗಿ ಕಂಡುಬರುವ ಕಾರಣ ಇದೇ. ಇಂತಹ ಸಂದನ್ನು ಮುಚ್ಚುವುದು ಸಾಧಾರಣವಾಗಿ ಮೊದಲಿಗಿಂತ ಚಿಕ್ಕ ಕೆಲಸ. ಆದರೆ ಕೆಲವರಲ್ಲಿ ಬದು ಭದ್ರವಾಗಿಯೇ ಇದ್ದು, ಗದ್ದೆಯೇ ಜೌಗಾಗಿರುತ್ತದೆ. ಎಂದರೆ ಹೃತ್ಕರ್ಣವೇ ಹಿಗ್ಗಿ, ಅದರ ಮಾಂಸದಲ್ಲಿ ನಾರು ತುಂಬಿರುತ್ತದೆ. ಅಂಥವರಲ್ಲಿ ಇನ್ನೊಮ್ಮೆ ಬದು ಹಾಕುವುದರಿಂದ ಆಗುವ ಪ್ರಯೋಜನ ಕಡಿಮೆ. ಆದುದರಿಂದ ಡಾಕ್ಟರರನ್ನು ಕೇಳಬೇಕಾದ ಮೊದಲ ಪ್ರಶ್ನೆ: "ಈ ಸಲ ಸಂದು ಮುಚ್ಚುವುದೋ, ಹೊಸ ಕೆಲಸವೋ?" ಹಿಂದಿನ ಆಸ್ಪತ್ರೆಯ ಬಿಡುಗಡೆ ಪತ್ರ, ಚಿಕಿತ್ಸೆಯ ವರದಿ, ಎಕೋ ಪರೀಕ್ಷೆಯ ಕಾಗದಗಳಿಲ್ಲದೆ ಇದಕ್ಕೆ ಉತ್ತರ ದೊರೆಯದು. ಅವನ್ನು ಒಂದು ಕಡತದಲ್ಲಿ ಜೋಪಾನವಾಗಿಡುವುದು ಮದುವೆಯ ಲಗ್ನಪತ್ರಿಕೆ ಕಾಪಾಡುವುದಕ್ಕಿಂತ ಮುಖ್ಯ.

ಎರಡನೆಯ ಪ್ರಶ್ನೆ: ಮರಳಿದ್ದು ನಿಜವೇ, ಮತ್ತು ಮರಳಿದ್ದು ಅದೇ ಬೇನೆಯೇ? ಚಿಕಿತ್ಸೆಯಾದ ಮೊದಲ ವಾರಗಳಲ್ಲಿ ಹಸಿಗಾಯದಿಂದಲೇ ಎದೆ ತಾಳ ತಪ್ಪುವುದುಂಟು. ಹಿಂದೆ ಮೂರು ತಿಂಗಳವರೆಗೆ ಇಂತಹದನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ೨೦೨೪ರಲ್ಲಿ ಹಲವು ದೇಶಗಳ ತಜ್ಞರು ಕೂಡಿ ಈ ಅವಧಿಯನ್ನು ಎಂಟು ವಾರಗಳಿಗೆ ಇಳಿಸಿದರು. ಬೇಯುವ ತನಕ ಇದ್ದವನು ಆರುವ ತನಕ ಇರಲಾರನೇ ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ತರುವಾಯವೂ ಎದೆ ಡವಗುಟ್ಟಿದ್ದೆಲ್ಲ ಕಂಪನವಲ್ಲ. ಗಾಬರಿಯಿಂದ, ಬಿಡಿ ಬಡಿತಗಳಿಂದ ಹಾಗೆನಿಸಬಹುದು. ಕೈಗಡಿಯಾರಗಳು ಈಗ ನಾಡಿ ನೋಡಿ ಎಚ್ಚರಿಕೆ ಕೊಡುತ್ತವೆ. ಎಚ್ಚರಿಕೆ ಒಳ್ಳೆಯದೇ, ಆದರೆ ಅದು ರೋಗನಿರ್ಣಯವಲ್ಲ. ಇ.ಸಿ.ಜಿ.ಯಲ್ಲಿ ಬರೆಹಕ್ಕೆ ಸಿಕ್ಕಿದುದೇ ಸಾಕ್ಷಿ. ಕೆಲವೊಮ್ಮೆ ಸಿಗುವುದು ಕಂಪನವಲ್ಲ, 'ಫ್ಲಟರ್' ಎಂಬ ಅದರ ದಾಯಾದಿ. ಅದರ ಒಂದು ಸಾಮಾನ್ಯ ಪ್ರಭೇದವನ್ನು ಅಬ್ಲೇಷನ್ನಿನಿಂದ ಅಡಗಿಸುವುದು ಹೆಚ್ಚು ಸುಲಭ. ಆಗ ತೀರ್ಮಾನವೂ ಸುಲಭ.

ಮೂರನೆಯದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ: ಈ ಚಿಕಿತ್ಸೆಯಿಂದ ಏನು ದೊರೆಯುತ್ತದೆ? ಆಯುಸ್ಸೇ, ಆರಾಮವೇ? ೨೦೦೨ರಲ್ಲಿ ಪ್ರಕಟವಾದ 'ಅಫರ್ಮ್' ಎಂಬ ಅಧ್ಯಯನದಲ್ಲಿ ೪,೦೬೦ ಜನರಿದ್ದರು. ಮಾತ್ರೆಗಳಿಂದ ತಾಳವನ್ನು ಸರಿಪಡಿಸಲೆತ್ನಿಸಿದವರಿಗೂ, ತಾಳ ತಪ್ಪಿದ್ದರೂ ಇರಲಿ ಎಂದು ನಾಡಿಯ ವೇಗವನ್ನಷ್ಟೇ ತಗ್ಗಿಸಿಕೊಂಡವರಿಗೂ ಬದುಕುಳಿಯುವುದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ೨೦೧೯ರ 'ಕಬಾನಾ' ಅಧ್ಯಯನದಲ್ಲಿ ೨,೨೦೪ ಜನರನ್ನು ಅಬ್ಲೇಷನ್ನಿಗೂ ಔಷಧಕ್ಕೂ ಹಂಚಲಾಯಿತು. ಸಾವು, ಭಾರಿ ಲಕ್ವ, ಭಾರಿ ರಕ್ತಸ್ರಾವ, ಹೃದಯಸ್ತಂಭನ ಇವನ್ನೆಲ್ಲ ಕೂಡಿಸಿ ನೋಡಿದಾಗ ಎರಡು ಗುಂಪುಗಳ ನಡುವೆ ಖಚಿತವಾದ ಅಂತರ ಸಿಗಲಿಲ್ಲ. ದಿನನಿತ್ಯದ ನೆಮ್ಮದಿಯಲ್ಲಿ ಮಾತ್ರ ಅಬ್ಲೇಷನ್ ಮಾಡಿಸಿಕೊಂಡವರು ಮುಂದಿದ್ದರು. ಆದರೆ ೨೦೧೮ರ 'ಕಾಸಲ್' ಅಧ್ಯಯನದ ೩೬೩ ಜನ ಬೇರೆ ಬಗೆಯವರು: ಅವರಿಗೆ ಕಂಪನದ ಜೊತೆಗೆ ಹೃದಯದ ಬಲವೂ ಕುಗ್ಗಿತ್ತು. ಅವರಲ್ಲಿ ಅಬ್ಲೇಷನ್ ಸಾವನ್ನೂ ಆಸ್ಪತ್ರೆ ಸೇರುವುದನ್ನೂ ಕಡಿಮೆ ಮಾಡಿತು. ರೋಗ ಗೊತ್ತಾದ ಒಂದು ವರ್ಷದೊಳಗೆ ತಾಳವನ್ನು ಸರಿಪಡಿಸತೊಡಗಿದರೆ ಲಾಭವಿದೆಯೆಂದು ೨೦೨೦ರ 'ಈಸ್ಟ್' ಅಧ್ಯಯನ ೨,೭೮೯ ಜನರಲ್ಲಿ ತೋರಿಸಿತು.

೨೦೨೪ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಒಂದು ಚಿಕ್ಕ ಪ್ರಯೋಗವೂ ಗಮನಾರ್ಹ. ೧೨೬ ರೋಗಿಗಳಲ್ಲಿ ಕೆಲವರಿಗೆ ನಿಜವಾದ ಅಬ್ಲೇಷನ್, ಉಳಿದವರಿಗೆ ಅದರ ನಟನೆ ಮಾತ್ರ. ಯಾರಿಗೆ ಯಾವುದೆಂದು ರೋಗಿಗೆ ತಿಳಿಯದು. ನಿಜವಾದ ಚಿಕಿತ್ಸೆಯೇ ಸ್ಪಷ್ಟವಾಗಿ ಗೆದ್ದಿತು. ಆದುದರಿಂದ ಇದು ಬರಿಯ ಮನಸ್ಸಿನ ಸಮಾಧಾನವಲ್ಲ. ಆದರೆ ನಟನೆಯ ಗುಂಪಿನಲ್ಲಿಯೂ ಕಂಪನದ ಹೊತ್ತು ಮೂರರಲ್ಲೊಂದು ಪಾಲಿನಷ್ಟು ಇಳಿದಿತ್ತು. ಈ ಬೇನೆ ತಾನಾಗಿ ಏರಿಳಿಯುವ ಸ್ವಭಾವದ್ದು; ಅದು ಏರಿದ ವಾರದಲ್ಲೇ ತೀರ್ಮಾನಕ್ಕೆ ಕೂರುವುದು ತರವಲ್ಲ.

ಗಂಡಾಂತರಗಳನ್ನೂ ತಕ್ಕಡಿಯಲ್ಲಿಡಬೇಕು. ನುರಿತ ಕೈಗಳಲ್ಲಿ ಇದು ಬಹುಮಟ್ಟಿಗೆ ಸುರಕ್ಷಿತವಾದ ಚಿಕಿತ್ಸೆ. ಆದರೂ ನೂರರಲ್ಲಿ ಸುಮಾರು ಒಬ್ಬರಿಗೆ ಹೃದಯದ ಚೀಲದಲ್ಲಿ ರಕ್ತ ತುಂಬಬಹುದು. ಅದಕ್ಕಿಂತ ಕಡಿಮೆ ಜನಕ್ಕೆ ಆ ಹೊತ್ತಿನಲ್ಲೇ ಲಕ್ವವಾಗಬಹುದು. ತೊಡೆಯ ಸಂದಿನಲ್ಲಿ ರಕ್ತ ಸೋರಿ ಕಟ್ಟಿಕೊಳ್ಳುವುದು ಇನ್ನಷ್ಟು ಸಾಮಾನ್ಯ. ಅನ್ನನಾಳಕ್ಕೆ ಗಾಯವಾಗುವುದು ಅತಿ ವಿರಳ, ಆದರೆ ಪ್ರಾಣಾಂತಿಕ. ಈಚೆಗೆ ಬಿಸಿಯೂ ಶೈತ್ಯವೂ ಇಲ್ಲದೆ ವಿದ್ಯುತ್ತಿನ ಕ್ಷಣಿಕ ಹೊಡೆತಗಳಿಂದಲೇ ಕೆಲಸ ಮುಗಿಸುವ ಹೊಸ ಯಂತ್ರಗಳು ಬಂದಿವೆ. ಯುರೋಪಿನಲ್ಲಿ ೨೦೨೧ರಲ್ಲಿ, ಅಮೆರಿಕದಲ್ಲಿ ೨೦೨೩ರ ಕೊನೆಯಲ್ಲಿ ಅನುಮತಿ ಪಡೆದ ಇವುಗಳಿಂದ ಅನ್ನನಾಳಕ್ಕೆ ಅಪಾಯ ಕಡಿಮೆಯೆಂಬುದು ತಜ್ಞರ ಅಭಿಪ್ರಾಯ. ಆದರೆ ೨೦೨೩ರಲ್ಲಿ ೬೦೭ ರೋಗಿಗಳಲ್ಲಿ ಹೋಲಿಸಿ ನೋಡಿದಾಗ ಬೇನೆ ಮರಳದಂತೆ ತಡೆಯುವುದರಲ್ಲಿ ಹೊಸದು ಹಳೆಯದಕ್ಕೆ ಸರಿಸಮವೆಂದಷ್ಟೇ ಕಂಡಿತು. ಹೊಸ ಯಂತ್ರ ಬಂದಿದೆಯೆಂಬುದೊಂದೇ ಎರಡನೆಯ ಸಲಕ್ಕೆ ಕಾರಣವಾಗಬಾರದು.

ಇಷ್ಟು ತಿಳಿದ ಮೇಲೆ ಮಲಪನಗುಡಿಯ ಒಂದೇ ಬೀದಿಯಲ್ಲಿ ಮೂರು ಮನೆಗಳನ್ನು ಕಲ್ಪಿಸಿಕೊಳ್ಳೋಣ. ಮೂವರೂ ಕಲ್ಪನೆಯ ವ್ಯಕ್ತಿಗಳು. ಆದರೆ ಮೂವರಂಥವರೂ ಎಲ್ಲ ಊರುಗಳಲ್ಲಿದ್ದಾರೆ.

ಮೊದಲನೆಯ ಮನೆ ೬೬ ವರ್ಷದ ನಿವೃತ್ತ ಹೆಡ್‌ಮಾಸ್ತರರದು. ರಕ್ತದೊತ್ತಡವಿದೆ, ಹೊಟ್ಟೆ ಬಂದಿದೆ, ರಾತ್ರಿ ಗೊರಕೆಗೆ ಪಕ್ಕದ ಕೋಣೆಯವರೂ ಏಳುತ್ತಾರೆ. ಮೊದಲ ಅಬ್ಲೇಷನ್ ಆಗಿ ವರ್ಷದ ಮೇಲೆ ಬೇನೆ ಮರಳಿದೆ. ತಿಂಗಳಿಗೊಮ್ಮೆ ನಾಲ್ಕಾರು ತಾಸು ಬಂದು ಹೋಗುತ್ತದೆ. ಬೆಂಗಳೂರಿನಿಂದ ಬಂದ ಮಗ, "ಅಪ್ಪಾ, ತಡ ಮಾಡುವುದು ಬೇಡ, ಈ ಸಲ ಹೊಸ ಯಂತ್ರ ಬಂದಿದೆಯಂತೆ" ಎನ್ನುತ್ತಾನೆ. ತಾಯಿ ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಹೋದ ಸಲಾನೂ ಹಿಂಗ ಅಂದ್ರಿ. ಮತ್ತ ಆ ಮಂಚದ ಮ್ಯಾಲೆ ಇವರನ್ನ ಮಲಗಸೋದು ನನಗ ಬ್ಯಾಡಪ" ಎನ್ನುತ್ತಾರೆ. ಇಬ್ಬರದೂ ಪ್ರೀತಿಯೇ. ಆದರೆ ಮಾಸ್ತರರಿಗೇನು ಬೇಕೆಂದು ಕೇಳಿದವರಿಲ್ಲ. ಕೇಳಿದರೆ ಅವರು ಹೇಳುವುದು ಇಷ್ಟು: "ನಾಕು ತಾಸಿನ ಡವಡವ ನಾ ತಾಳಕೋತೀನಿ. ನನ್ನ ಅಂಜಿಕಿ ಲಕ್ವದ್ದು. ಹಾಸಿಗಿ ಹಿಡದು ನಿಮಗ ಭಾರ ಆಗಬಾರದು."

ಇಲ್ಲಿಯೇ ಗಂಟು ಬಿಚ್ಚುತ್ತದೆ. ಅವರ ಭಯ ಲಕ್ವದ ಭಯ. ಲಕ್ವಕ್ಕೆ ಮುಖ್ಯವಾದ ತಡೆ ಮಾತ್ರೆಯೇ ಹೊರತು ಎರಡನೆಯ ಅಬ್ಲೇಷನ್ನಲ್ಲ. ಮೊದಲ ಚಿಕಿತ್ಸೆಯಾದ ಮೇಲೆ ಗುಣವಾಯಿತೆಂದು ಭಾವಿಸಿ ಆ ಮಾತ್ರೆಯನ್ನು ಅವರು ತಾವಾಗಿಯೇ ನಿಲ್ಲಿಸಿಬಿಟ್ಟಿದ್ದರೆ? ಹಾಗೆ ನಿಲ್ಲಿಸುವವರು ಕಡಿಮೆಯಿಲ್ಲ. ಅರವತ್ತೈದು ದಾಟಿ ರಕ್ತದೊತ್ತಡವೂ ಇರುವವರಿಗೆ ಮಾತ್ರೆ ಬೇಕೋ ಬೇಡವೋ ಎಂಬುದನ್ನು ಅಂಕಿಯ ಮೊತ್ತ ನೋಡಿ ಡಾಕ್ಟರರು ಹೇಳಬೇಕು. ಎದೆ ಶಾಂತವಾಗಿದೆಯೆಂಬ ಅನುಭವವಲ್ಲ. ಇನ್ನು ಮಾಸ್ತರರ ಹೊಟ್ಟೆ, ಗೊರಕೆ, ರಕ್ತದೊತ್ತಡಗಳು ಮೊದಲ ಸಲ ಹೇಗಿದ್ದವೋ ಹಾಗೆಯೇ ಇವೆ. ಆಸ್ಟ್ರೇಲಿಯದ ಅಡಿಲೇಡಿನ ವೈದ್ಯರು ೨೦೧೫ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಂಪನವಿದ್ದ ಸ್ಥೂಲದೇಹಿಗಳ ಪೈಕಿ ಶೇಕಡ ಹತ್ತರಷ್ಟಾದರೂ ತೂಕವಿಳಿಸಿಕೊಂಡವರು ಬೇನೆಯಿಲ್ಲದೆ ಉಳಿಯುವ ಸಂಭವ ಆರು ಪಟ್ಟು ಹೆಚ್ಚಿತ್ತು. ಗೊರಕೆಯ ನಡುವೆ ಉಸಿರು ಕಟ್ಟುವುದಿದ್ದರೆ ಅದಕ್ಕೂ ಪರೀಕ್ಷೆಯಿದೆ, ಉಪಾಯವಿದೆ. ಕುಡಿತವಿದ್ದವರು ಅದನ್ನು ಬಿಟ್ಟರೆ ಬೇನೆ ಮರಳುವುದು ಕಡಿಮೆಯಾಗುತ್ತದೆಂದು ಅದೇ ದೇಶದ ೨೦೨೦ರ ಅಧ್ಯಯನ ತೋರಿಸಿತು. ಆದುದರಿಂದ ಮಾಸ್ತರರ ಮನೆಯ ಸರಿಯಾದ ಉತ್ತರ: ಇವತ್ತೇ ಮಾತ್ರೆಯ ವಿಚಾರಣೆ, ಆರು ತಿಂಗಳು ಕಾಲುವೆಯ ದಂಡೆಯ ಮೇಲಿನ ನಡಿಗೆ, ತರುವಾಯ ಮತ್ತೊಮ್ಮೆ ಮಾತುಕತೆ. ಅಷ್ಟರಲ್ಲಿ ಬೇನೆ ಬಲಿತರೆ ಎರಡನೆಯ ಚಿಕಿತ್ಸೆ ಎಲ್ಲಿಯೂ ಹೋಗಿರುವುದಿಲ್ಲ.

ಎರಡನೆಯ ಮನೆ ಹಂಪೆಯ ರಸ್ತೆಯಲ್ಲಿ ಖಾನಾವಳಿ ನಡೆಸುವ ೫೨ ವರ್ಷದ ಹೆಣ್ಣುಮಗಳದು. ಬೇನೆ ಮರಳಿದ ಮೇಲೆ ಬಿಟ್ಟುಹೋಗಿಲ್ಲ. ರೊಟ್ಟಿ ಬಡಿಯುವಾಗ ಏದುಸಿರು, ಕಾಲಲ್ಲಿ ಬಾವು, ಮಾತ್ರೆಗಳು ಒಗ್ಗಲಿಲ್ಲ. ಎಕೋ ಪರೀಕ್ಷೆಯಲ್ಲಿ ಹೃದಯದ ಬಲ ಕುಗ್ಗಿದೆಯೆಂದು ಬಂದಿದೆ. ಈಕೆಯದು 'ಕಾಸಲ್' ಅಧ್ಯಯನದವರ ಬಗೆ. ಓಡಿ ಓಡಿ ದಣಿದ ಹೃದಯಕ್ಕೆ ತಾಳ ಮರಳಿದರೆ ಬಲವೂ ಮರಳುವುದುಂಟು. ಇಲ್ಲಿ ಕಾಯುವುದೇ ಗಂಡಾಂತರ. ಆದರೆ ಇಂಥವರೇ ಹೆಚ್ಚಾಗಿ ತಡ ಮಾಡುತ್ತಾರೆ: "ಹಬ್ಬ ಮುಗೀಲಿ, ಮಗಳ ಮದುವಿ ಮುಗೀಲಿ" ಎಂದು. ತನ್ನ ದೇಹದ ಸರದಿಯನ್ನು ಕೊನೆಗಿಡುವುದು ನಮ್ಮ ಮನೆಗಳ ಹೆಣ್ಣುಮಕ್ಕಳಿಗೆ ಅಭ್ಯಾಸವಾಗಿಬಿಟ್ಟಿದೆ. ಆ ಅಭ್ಯಾಸವನ್ನು ಮುರಿಸುವ ಹೊಣೆ ಗಂಡನದು, ಮಕ್ಕಳದು.

ಮೂರನೆಯ ಮನೆ ನಲವತ್ತರ ಒಕ್ಕಲಿಗನದು. ಚಿಕ್ಕಂದಿನಲ್ಲಿ ಕೀಲುನೋವಿನ ಜ್ವರ ಬಂದು ಹೃದಯದ ಮೈಟ್ರಲ್ ಕವಾಟ ಕಿರಿದಾಗಿದೆ. ನಮ್ಮ ದೇಶದಲ್ಲಿ ಈ ಬಗೆ ಬಹಳ. ೨೦೧೧–೧೨ರಲ್ಲಿ ಭಾರತದ ಹಲವು ಆಸ್ಪತ್ರೆಗಳಲ್ಲಿ ದಾಖಲಿಸಿದ ೧,೫೩೭ ಕಂಪನ ರೋಗಿಗಳಲ್ಲಿ ಅರ್ಧದ ಹತ್ತಿರ ಮಂದಿಗೆ ಇಂತಹ ಕವಾಟದ ರೋಗವಿತ್ತು. ಅವರ ಸರಾಸರಿ ವಯಸ್ಸು ೫೫ನ್ನೂ ಮುಟ್ಟಿರಲಿಲ್ಲ. ಈತನಿಗೆ ಅಬ್ಲೇಷನ್ ಎರಡನೆಯ ಸಲವೋ ಮೂರನೆಯ ಸಲವೋ ಎಂಬ ಪ್ರಶ್ನೆಯೇ ಮುಖ್ಯವಲ್ಲ, ಕವಾಟ ಮೊದಲು. ಅದನ್ನು ಬಲೂನಿನಿಂದ ಹಿಗ್ಗಿಸಬೇಕೋ ಬದಲಿಸಬೇಕೋ ಎಂಬುದು ತೀರ್ಮಾನವಾಗಬೇಕು. ರಕ್ತ ಹೆಪ್ಪುಗಟ್ಟದಂತೆ ತಡೆಯಲು ಈತನಿಗೆ ಹೊಸ ಮಾತ್ರೆಗಳಿಗಿಂತ ಹಳೆಯ ವಾರ್ಫರಿನ್ ಜಾತಿಯವೇ ಮೇಲೆಂದು ೨೪ ದೇಶಗಳ ೪,೫೩೧ ರೋಗಿಗಳ ೨೦೨೨ರ 'ಇನ್ವಿಕ್ಟಸ್' ಅಧ್ಯಯನ ತೋರಿಸಿತು. ನೆರೆಮನೆಯವರ ಮಾತ್ರೆಯ ಹೆಸರನ್ನು ಬರೆದುಕೊಂಡು ಅಂಗಡಿಗೆ ಹೋಗುವವರು ಇದನ್ನು ಗಮನಿಸಬೇಕು.

ಒಂದೇ ಬೀದಿ, ಒಂದೇ ಬೇನೆಯ ಹೆಸರು, ಮೂರು ಬೇರೆ ಉತ್ತರ. "ಇಂಥವರು ಎರಡನೆಯ ಸಲ ಮಾಡಿಸಿಕೊಂಡು ಓಡಾಡುತ್ತಿದ್ದಾರೆ" ಎಂಬ ಮಾತಾಗಲಿ, "ಇಂಥವರಿಗೆ ಏನೂ ಆಗಲಿಲ್ಲ" ಎಂಬ ಮಾತಾಗಲಿ ನಮ್ಮ ಮನೆಯ ತೀರ್ಮಾನಕ್ಕೆ ಬಾರದಿರುವುದು ಇದರಿಂದಲೇ.

ತುರ್ತಿನ ಕೆಲಸಕ್ಕೂ ಯೋಚನೆಯ ಕೆಲಸಕ್ಕೂ ಇರುವ ಅಂತರವನ್ನು ಹೊಸಪೇಟೆಯ ಜನ ಈಚೆಗೆ ಕಣ್ಣಾರೆ ಕಂಡಿದ್ದಾರೆ. ೨೦೨೪ರ ಆಗಸ್ಟ್ ೧೦ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ ೧೯ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಆಗ ಚರ್ಚೆಗೆ ಹೊತ್ತಿರಲಿಲ್ಲ. ಹರಿಯುವ ನೀರಿಗೇ ಅಡ್ಡಲಾಗಿ ವಾರದೊಳಗೆ ತಾತ್ಕಾಲಿಕ ತಡೆಯನ್ನು ಇಳಿಸಿದರು. ಉಳಿದ ಗೇಟುಗಳನ್ನೇನು ಮಾಡಬೇಕೆಂಬುದು ಮಾತ್ರ ಬೇರೆ ಬಗೆಯ ಪ್ರಶ್ನೆ. ೧೯೫೩ರಲ್ಲಿ ಸಿದ್ಧವಾದ ಅಣೆಕಟ್ಟು, ಒಟ್ಟು ೩೩ ಗೇಟುಗಳು. ತಜ್ಞರು ಪರೀಕ್ಷಿಸಿದರು, ೨೦೨೫ರ ಮಳೆಗಾಲದಲ್ಲಿ ಪೂರ್ಣ ಮಟ್ಟದವರೆಗೆ ನೀರು ನಿಲ್ಲಿಸದೆ ಎಚ್ಚರಿಕೆ ವಹಿಸಿದರು. ಆ ರಾತ್ರಿಯ ಅವಸರವೂ ಸರಿ, ತರುವಾಯದ ನಿಧಾನವೂ ಸರಿ. ಎದೆಯ ವಿಚಾರದಲ್ಲಿಯೂ ಹೀಗೆಯೇ. ಕಣ್ಣುಕತ್ತಲೆ ಬಂದು ಬಿದ್ದರೆ, ಎದೆ ನೋವು ಹಿಂಡಿದರೆ, ಉಸಿರು ಸಾಲದಾದರೆ, ಬಾಯಿ ಸೊಟ್ಟಗಾಗಿ ಕೈ ಸೋತು ಮಾತು ತೊದಲಿದರೆ ಅದು ಆಗಸ್ಟ್ ಹತ್ತರ ರಾತ್ರಿ: ಮನೆಯ ಸಭೆ ಬೇಡ, ೧೦೮ಕ್ಕೆ ಕರೆ ಮಾಡಿ ಹೊರಡಬೇಕು. ಲಕ್ವದ ಹೆಪ್ಪನ್ನು ಕರಗಿಸುವ ಮದ್ದಿಗೆ ಇರುವ ಗಡುವು ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಮಾತ್ರ. ಎರಡನೆಯ ಅಬ್ಲೇಷ‌ನ್ನಿನ ಪ್ರಶ್ನೆಯಾದರೋ ಬಹುತೇಕ ಮನೆಗಳಲ್ಲಿ ಗೇಟು ಬದಲಿಸುವ ಪ್ರಶ್ನೆ, ಅದಕ್ಕೆ ಹೊತ್ತಿದೆ.

ಆ ಹೊತ್ತನ್ನು ಚೆನ್ನಾಗಿ ಬಳಸಿಕೊಳ್ಳಬೇಕು. ಅರವತ್ತು ಕಿಲೋಮೀಟರಿನಾಚೆ ಬಳ್ಳಾರಿಯಲ್ಲಿ ೧೯೬೧ರಿಂದ ವೈದ್ಯಕೀಯ ಕಾಲೇಜಿದೆ. ಬೆಂಗಳೂರಿನಲ್ಲಿ ೧೯೭೨ರಲ್ಲಿ ಆರಂಭವಾದ ಜಯದೇವ ಹೃದ್ರೋಗ ಸಂಸ್ಥೆಯಿದೆ, ೨೦೧೬ರಿಂದ ಅದರ ಶಾಖೆ ಕಲಬುರ್ಗಿಯಲ್ಲಿಯೂ ಇದೆ. ಮೊದಲು ಚಿಕಿತ್ಸೆ ಮಾಡಿದವರಲ್ಲದೆ ಹೃದಯದ ತಾಳದಲ್ಲೇ ಪರಿಣತರಾದ ಇನ್ನೊಬ್ಬರ ಅಭಿಪ್ರಾಯ ಕೇಳುವುದು ಮೊದಲಿನವರಿಗೆ ಅವಮಾನವಲ್ಲ. ಒಳ್ಳೆಯ ಡಾಕ್ಟರರು ತಾವೇ ಅದನ್ನು ಹೇಳುತ್ತಾರೆ. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತುವ ಮೊದಲು ನಾಲ್ಕು ಪ್ರಶ್ನೆಗಳನ್ನು ಕಾಗದದ ಮೇಲೆ ಬರೆದುಕೊಂಡರೆ ಸಾಕು: ಮರಳಿದ್ದು ಯಾವ ತಾಳ? ನನ್ನಂತಹ ಹೃದಯಕ್ಕೆ ಎರಡನೆಯ ಸಲದಲ್ಲಿ ಗುಣದ ಸಂಭವ ನೂರಕ್ಕೆ ಎಷ್ಟು, ಅಪಾಯ ಎಷ್ಟು? ಮಾಡಿಸದಿದ್ದರೆ ಏನಾದೀತು? ಮಾಡಿಸಿದ ಮೇಲೂ ಯಾವ ಮಾತ್ರೆ ಉಳಿಯುತ್ತದೆ? ಖರ್ಚಿನ ಮಾತನ್ನೂ ನಾಚಿಕೆಯಿಲ್ಲದೆ ಕೇಳಬೇಕು. ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನದ ರೇಖೆಗಿಂತ ಕೆಳಗಿರುವ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ನೆರವುಂಟು. ಈ ಚಿಕಿತ್ಸೆಯ ಯಾವ ಭಾಗ ಅದರಲ್ಲಿ ಸೇರುತ್ತದೆ, ಯಾವುದನ್ನು ಕೈಯಿಂದ ತೆರಬೇಕು ಎಂಬುದನ್ನು ದಾಖಲಾಗುವ ಮುನ್ನವೇ ಆಸ್ಪತ್ರೆಯ ಆರೋಗ್ಯಮಿತ್ರರಿಂದ ಬರೆಸಿಕೊಳ್ಳುವುದು ಲೇಸು.

ಕೊನೆಯದಾಗಿ ಒಂದು ಮಾತು. ಎರಡನೆಯ ಸಲ ಎಂದೊಡನೆ ರೋಗಿಗೆ ಒಳಗೊಳಗೇ ಒಂದು ನಾಚಿಕೆ ಕಾಡುತ್ತದೆ: ತನ್ನಿಂದಲೇ ಏನೋ ತಪ್ಪಾಯಿತು, ಮನೆಯವರ ದುಡ್ಡು ವ್ಯರ್ಥವಾಯಿತು ಎಂದು. ಇದು ನಿರಾಧಾರ. ಬೇನೆ ಮರಳುವುದು ಈ ಚಿಕಿತ್ಸೆಯ ಗೊತ್ತಾದ ಗುಣ; ಮೊದಲನೆಯದು ಕೊಟ್ಟ ನೆಮ್ಮದಿಯ ತಿಂಗಳುಗಳು ಸುಳ್ಳಲ್ಲ. ಹಾಗೆಯೇ, ಎಲ್ಲವನ್ನೂ ತಿಳಿದು "ಸದ್ಯಕ್ಕೆ ಬೇಡ" ಎನ್ನುವವನು ಎದೆಗೇಡಿಯಲ್ಲ. "ಆಗಲಿ" ಎನ್ನುವವನು ಆತುರಗಾರನೂ ಅಲ್ಲ. ಮಗನ ಆತಂಕಕ್ಕೂ ಹೆಂಡತಿಯ ಅಂಜಿಕೆಗೂ ಮನ್ನಣೆಯಿರಲಿ. ಆದರೆ ಮಂಚದ ಮೇಲೆ ಮಲಗಬೇಕಾದವರ ಮಾತು ಮೊದಲು ಕೇಳಿಬರಲಿ. ಅವರು ಯಾವುದಕ್ಕೆ ಅಂಜುತ್ತಾರೆ, ಯಾವುದನ್ನು ತಾಳಬಲ್ಲರು, ಯಾವುದಕ್ಕಾಗಿ ಬದುಕಬೇಕೆನ್ನುತ್ತಾರೆ ಎಂಬುದು ಯಾವ ಇ.ಸಿ.ಜಿ.ಯಲ್ಲಿಯೂ ಬರೆಹವಾಗುವುದಿಲ್ಲ, ಅದನ್ನು ಮನೆಯವರು ಕೇಳಿಯೇ ತಿಳಿಯಬೇಕು.